ಎಷ್ಟು ಮಕ್ಕಳು ಬೇಕೆಂದು ಕೇಳಿದ ವರ್ಷಗಳು

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಒಂದೊಂದು ಸಲ ನನ್ನ ಮನೆಗೆ ಬರುತ್ತಾರೆ. ಕೈಯಲ್ಲಿ ಅಚ್ಚು ಹಾಕಿದ ಫಾರ್ಮು. "ಅಮ್ಮಾ, ಇದರಾಗ ಇನ್ನೂ ಎಷ್ಟು ಮಕ್ಕಳು ಬೇಕು ಅಂತ ಕೇಳ್ಯಾರ. ಯಾರೂ ನೆಟ್ಟಗ ಹೇಳಂಗಿಲ್ಲ. ಏನ್ ಬರೀಬೇಕು?" ಎನ್ನುತ್ತಾರೆ. "ನೀ ನೆಟ್ಟಗ ಕೇಳಿದಿ ಏನು?" ಎಂದು ನಾನು ಮೊದಲು ಬೈಯುತ್ತೇನೆ. ಆಮೇಲೆ ಚಹಾ ಕೊಟ್ಟು ಕೂರಿಸಿಕೊಂಡು ಹೇಳುತ್ತೇನೆ. ಹೇಳಿ ಹೇಳಿ ಸಾಕಾಗಿದೆ, ಆದ್ದರಿಂದ ಈಗ ಬರೆದೇ ಇಡುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾವ ಸಾಹೇಬರು ಶಾಲು ಹೊದಿಸಿದರು ಎನ್ನುವುದೆಲ್ಲ ಇದರಲ್ಲಿ ಇಲ್ಲ. ಅದನ್ನು ಓದಿ ಯಾರ ಹೆರಿಗೆಯೂ ಸುಸೂತ್ರ ಆಗುವುದಿಲ್ಲ.

ನಾನು ೧೯೪೯ರಲ್ಲಿ ಲಿಂಗಸುಗೂರು ದವಾಖಾನೆಗೆ ಹೆರಿಗೆ ನರ್ಸ್ ಆಗಿ ಬಂದೆ. ಹೈದರಾಬಾದಿನಲ್ಲಿ ಹದಿನೆಂಟು ತಿಂಗಳು ತರಬೇತಿ, ಕಲಿತದ್ದೆಲ್ಲ ಉರ್ದುವಿನಲ್ಲಿ. ನಿಜಾಮರ ಆಳ್ವಿಕೆ ಹಿಂದಿನ ವರ್ಷ ಮುಗಿದಿತ್ತು. ದವಾಖಾನೆಯ ಹೊರಗಿನ ಹಲಗೆ ಬದಲಾಗಿತ್ತು, ಒಳಗಿನ ಕಾಗದಗಳು ಮಾತ್ರ ಹಳೆಯ ಉರ್ದುವಿನಲ್ಲೇ ನಡೆಯುತ್ತಿದ್ದವು. ನಮ್ಮ ಡಾಕ್ಟರ್ ಸಾಹೇಬರು ವಯಸ್ಸಾದವರು, ಬಿಳಿ ಗಡ್ಡ, ಮಾತು ಕಡಿಮೆ. ಬಂದ ದಿನವೇ ನನಗೆ ಹೇಳಿದರು: "ಬೇಟಿ, ಹೆರಿಗಿ ಮನ್ಯಾಗ ಕೈ ಜಲ್ದಿ ಇರಬೇಕು, ಬಾಯಿ ಆಹಿಸ್ತಾ." ಕೈಯ ಮಾತು ಪಾಲಿಸಿದೆ. ಬಾಯಿ ಮೆಲ್ಲಗಿರಲಿ ಎಂದದ್ದು ಇವತ್ತಿಗೂ ಆಗಿಲ್ಲ.

ನಮ್ಮದು ಊರ ಹೊರಗಿನ ಕೇರಿ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಮುಂದೆ ನಾನು ಮಾಡಿದ ದೊಡ್ಡ ತಪ್ಪಿಗೂ ಇದಕ್ಕೂ ಸಂಬಂಧವಿದೆ. ನೋವು ಶುರುವಾದಾಗ ದೊಡ್ಡ ಮನೆಯವರೂ "ಲಗೂನ ಒಳಗ ಬಾ" ಎಂದು ನನ್ನ ರಟ್ಟೆ ಹಿಡಿದು ಎಳೆಯುತ್ತಿದ್ದರು. ಕೂಸು ಅತ್ತು, ಹೊಕ್ಕುಳು ಕತ್ತರಿಸಿ, ನಾನು ಕೈ ತೊಳೆದುಕೊಂಡೆನೋ ಇಲ್ಲವೋ, ಮತ್ತೆ ಅಂಗಳ. ಮುಂದಿನ ಸಲ ಬಾಣಂತಿಯನ್ನು ನೋಡಲು ಹೋದರೂ ಅಂಗಳದಲ್ಲೇ ಕೂರಬೇಕು. ಸಿಟ್ಟು ಬರುತ್ತಿತ್ತು. ಸಿಟ್ಟು ನುಂಗಿಕೊಂಡು ಕೂರುತ್ತಿದ್ದೆ.

ಮೊದಲ ವರ್ಷವೇ ಒಂದು ಪೆಟ್ಟು ತಿಂದೆ. ಲಿಂಗಸುಗೂರಿನ ಒಬ್ಬ ನೇಕಾರರ ಹೆಂಡತಿ, ಮೂರನೇ ಹೆರಿಗೆ. ನೋವು ಜೋರಾದಾಗ ನನ್ನ ಕೈ ಮೇಲೆ ಕೈ ಇಟ್ಟು ಆಣೆ ಮಾಡಿದಳು: "ಇದಾ ಕಡೀದು ಯಕ್ಕಾ. ಇನ್ನ ಆ ಗಂಡಸನ್ನ ಹೊಳ್ಳಿ ನೋಡಿದ್ರ ಕೇಳು!" ನಾನು ಎಳೆಯ ಹುಡುಗಿ. ಪಾಪ, ಇವಳಿಗೆ ಇನ್ನು ಮಕ್ಕಳು ಬೇಡ ಎಂದು ನನ್ನ ನೋಟುಬುಕ್ಕಿನಲ್ಲಿ ಬರೆದುಕೊಂಡು, ಗಂಡನನ್ನು ಕರೆದು ದೊಡ್ಡ ಉಪದೇಶವನ್ನೂ ಮಾಡಿಬಿಟ್ಟೆ. ಅವನು ತಲೆ ತಗ್ಗಿಸಿಕೊಂಡು ಹೋದ. ಒಂದೂವರೆ ವರ್ಷಕ್ಕೆ ಅವಳು ಮತ್ತೆ ಬಂದಳು, ಹೊಟ್ಟೆ ಮುಂದೆ ಮಾಡಿಕೊಂಡು, ಬಾಗಿಲಲ್ಲೇ ನಗುತ್ತಾ. "ಏನ್ ಮಾಡ್ಲಿ ಯಕ್ಕಾ? ನೋವು ಮರ್ತ ಹೋಗತಾವ. ಆವಾಗ ಅಂದಿದ್ದು ನೀ ಖರೇ ತಿಳಕೊಂಡಿ ಏನು?" ಎಂದಳು. ಬೇಡ ಎನ್ನುವ ಮಾತನ್ನು ಯಾವ ಹೊತ್ತಿನಲ್ಲಿ ಹೇಳಿದರು ಎಂದು ನೋಡಬೇಕು. ಹೆರಿಗೆ ಮಂಚದ ಮೇಲಿನ ಮಾತನ್ನು ಫಾರ್ಮಿನಲ್ಲಿ ಬರೆಯಬೇಡಿ.

೧೯೫೨ರಲ್ಲಿ ಮೇಲಿನಿಂದ ಒಂದು ಕಾಗದ ಬಂತು. ಲಿಂಗಸುಗೂರು, ಸಿಂಧನೂರು ತಾಲೂಕಿನ ಕೆಲವು ಊರುಗಳಲ್ಲಿ ಮದುವೆಯಾದ ಹೆಣ್ಣುಮಕ್ಕಳನ್ನು ಕೇಳಬೇಕು: ಎಷ್ಟು ಹೆತ್ತಿರಿ, ಎಷ್ಟು ಉಳಿದಿವೆ, ಇನ್ನೂ ಎಷ್ಟು ಬೇಕು. ಒಂದು ವರ್ಷ ಬಿಟ್ಟು, ಹೇಳಿದ್ದಕ್ಕೂ ಹೆತ್ತದ್ದಕ್ಕೂ ತಾಳೆ ನೋಡಬೇಕು. ಇದನ್ನು ನೋಡಿಕೊಳ್ಳಲು ಒಬ್ಬ ಅಧಿಕಾರಿ ಬಂದರು. ಮದ್ರಾಸಿನ ಕಡೆ ನೌಕರಿ ಮಾಡಿ ಬಂದವರು, ಇನ್ನೂ ನಲವತ್ತು ದಾಟಿರಲಿಲ್ಲ, ಪುಸ್ತಕದ ಹಾಗೆ ಕನ್ನಡ ಮಾತಾಡುತ್ತಿದ್ದರು. ಯಾವುದನ್ನು ಹೇಳಿದರೂ "ತಖ್ತೆಯಲ್ಲಿ ಹಾಕಿ ಕೊಡಿ" ಎನ್ನುತ್ತಿದ್ದರು. ತಖ್ತೆ ಎಂದರೆ ಗೆರೆ ಹೊಡೆದು ಅಂಕಿ ತುಂಬುವ ಪಟ್ಟಿ. ಹಾಗಾಗಿ ನಮ್ಮ ಬಾಯಲ್ಲಿ ಅವರು ತಖ್ತೆ ಸಾಹೇಬರಾದರು.

ತಖ್ತೆ ಸಾಹೇಬರು ಕೆಟ್ಟವರಲ್ಲ. ಮೊದಲ ದಿನವೇ ಸ್ಪಷ್ಟವಾಗಿ ಹೇಳಿದರು: "ಮಸ್ಕಿಯಲ್ಲಿ ಒಂದು ಹೆರಿಗೆ ಕೋಣೆ, ಗರ್ಭ ತಡೆಯುವ ಉಪಾಯ ಹೇಳಿಕೊಡಲು ತಿಂಗಳಿಗೆ ಒಂದು ಸಲ ರಾಯಚೂರಿನಿಂದ ಲೇಡಿ ಡಾಕ್ಟರು. ಹೀಗೊಂದು ಪ್ರಸ್ತಾವ ಇದೆ. ಸಾಕು ಎನ್ನುವ ಹೆಂಗಸರು ಅಲ್ಲಿದ್ದಾರೆ ಎಂದು ನೀವು ತೋರಿಸಿದರೆ ಕೋಣೆ ಬರುತ್ತದೆ. ತೋರಿಸದಿದ್ದರೆ ಇಲ್ಲ." ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಯಾಕೆಂದರೆ ಆ ಕೋಣೆ ಯಾರಿಗೆ ಬೇಕು ಎಂದು ನನಗೆ ಹೆಸರು ಹಿಡಿದು ಗೊತ್ತಿತ್ತು.

ಅವಳ ಹೆಸರು ಗೌರಮ್ಮ. ಮಸ್ಕಿಯ ಒಕ್ಕಲು ಮನೆಯ ಸೊಸೆ, ಬೆಳಗಾದರೆ ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮಾಡುವ ಮನೆ. ಐದು ಹೆತ್ತಿದ್ದಳು, ಮೂರು ಉಳಿದಿದ್ದವು. ಐದನೆಯದು ಹೆತ್ತಾಗ ರಕ್ತ ನಿಲ್ಲಲೇ ಇಲ್ಲ. ಗಾಡಿಯಲ್ಲಿ ಹಾಕಿಕೊಂಡು ಮಸ್ಕಿಯಿಂದ ಲಿಂಗಸುಗೂರಿಗೆ ತರುವಷ್ಟರಲ್ಲಿ ಅವಳ ತುಟಿ ಸುಣ್ಣದ ಹಾಗಾಗಿತ್ತು. ಡಾಕ್ಟರ್ ಸಾಹೇಬರು ಹೇಗೋ ಉಳಿಸಿದರು. ಉಳಿಸಿ ನನ್ನನ್ನು ಪಕ್ಕಕ್ಕೆ ಕರೆದು, "ಇನ್ನೊಂದು ಆದ್ರ, ಅದೂ ಊರಾಗ ಆದ್ರ, ಈಕಿ ಬದುಕಂಗಿಲ್ಲ" ಎಂದರು. ಅದನ್ನು ನಾನು ಅವಳ ಅತ್ತೆ ಸಂಗವ್ವನಿಗೂ ಹೇಳಿದ್ದೆ, ಗಂಡ ಅಮರಪ್ಪನಿಗೂ ಹೇಳಿದ್ದೆ. ಸಂಗವ್ವ ಹೂಂ ಎಂದಿದ್ದಳು.

ಈಗ ನನ್ನ ತಪ್ಪು ಕೇಳಿ. ಫಾರ್ಮು ಹಿಡಿದುಕೊಂಡು ಮಸ್ಕಿಗೆ ಹೋದೆ. ಅಂಗಳದಲ್ಲಿ ಕೂತೆ, ನನಗೆ ಅಲ್ಲೇ ತಾನೆ ಜಾಗ. ಅಂಗಳ ಎಂದರೆ ಅತ್ತೆಯ ರಾಜ್ಯ. ಸಂಗವ್ವ ಕಟ್ಟೆ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದಳು. ಗೌರಮ್ಮ ಪಡಸಾಲೆಯಲ್ಲಿ ಜೋಳ ಬೀಸುತ್ತಿದ್ದಳು, ತೆರೆದ ಬಾಗಿಲಿನಿಂದ ಕಾಣುತ್ತಿದ್ದಳು. "ಗೌರಮ್ಮ, ಇನ್ನೂ ಎಷ್ಟು ಮಕ್ಕಳು ಬೇಕಂತಿ?" ಎಂದು ಕೂಗಿ ಕೇಳಿದೆ.

ಉತ್ತರ ಸಂಗವ್ವನಿಂದ ಬಂತು. "ಆಕಿನ್ನ ಏನ್ ಕೇಳ್ತಿ ನರ್ಸಬಾಯಿ? ಬರಕೋ, ಇನ್ನೆರಡು ಗಂಡು ಆಗಲಿ."

ಬೀಸುವ ಸದ್ದು ನಿಂತಿತು. ಗೌರಮ್ಮ ಬೀಸುಕಲ್ಲಿನ ಗೂಟ ಹಿಡಿದುಕೊಂಡೇ ನನ್ನ ಕಡೆ ನೋಡಿದಳು. ನಾನು, ಅವಳ ರಕ್ತ ನನ್ನ ಮೊಣಕೈವರೆಗೆ ಹರಿದದ್ದನ್ನು ಕಂಡವಳು, ಪೆನ್ಸಿಲ್ ತೆಗೆದು ಎರಡು ಎಂದು ಬರೆದೆ. ಅವತ್ತು ಇಪ್ಪತ್ತು ಮನೆ ಮುಗಿಸಬೇಕಿತ್ತು. ಆ ಅವಸರವನ್ನು ನೆನೆಸಿಕೊಂಡರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಹೀಗೆ ಮಸ್ಕಿಯ ಅಂಗಳಗಳಲ್ಲೆಲ್ಲ ಅತ್ತೆಯರ ಬಾಯಿಂದ ಬಂದದ್ದನ್ನು ಸೊಸೆಯರ ಹೆಸರಿನ ಮುಂದೆ ತುಂಬಿದೆ.

ಗುರುಗುಂಟಾದಲ್ಲಿ ಇನ್ನೊಂದು ಪಾಠ ಆಯಿತು. ಕುರಿ ಸಾಕುವ ಒಬ್ಬ ಮುದುಕ, ಹೆಗಲ ಮೇಲೆ ಕಂಬಳಿ. ಅವನ ಸೊಸೆಯನ್ನು "ಮಕ್ಕಳೆಷ್ಟು?" ಎಂದು ಕೇಳುತ್ತಿದ್ದೆ. ಅವನಿಗೆ ರೇಗಿಹೋಯಿತು. "ಏ ಬಾಯಿ, ನನ್ನ ಕುರಿ ಎಷ್ಟದಾವ ಅಂತ ಅಮಲ್ದಾರನೂ ಬಾಯಿಬಿಟ್ಟು ಕೇಳಿಲ್ಲ. ನೀ ಹೊಸ್ತಿಲದಾಗ ನಿಂತು ಮಕ್ಕಳನ್ನ ಎಣಸಾಕತ್ತೀ? ದೃಷ್ಟಿ ಆಗ್ತೈತೋ ಇಲ್ಲೋ?" ಎಂದ. ನಮ್ಮ ಕಡೆ ಉಸಿರಾಡುವ ಜೀವವನ್ನು ಎಣಿಸಿ ಹೇಳುವುದಿಲ್ಲ. ನಾನೂ ಇದೇ ನೆಲದಲ್ಲಿ ಹುಟ್ಟಿದವಳು, ನನ್ನ ತಾಯಿಯೂ ಎಂದೂ ನಮ್ಮನ್ನು ಎಣಿಸಿದವಳಲ್ಲ. ಕೈಗೆ ಫಾರ್ಮು ಬಂದ ಕೂಡಲೇ ಅದನ್ನೆಲ್ಲ ಮರೆತಿದ್ದೆ. ಆ ಹೆಂಗಸರು "ಶಿವ ಕೊಟ್ಟಷ್ಟು ರೀ" ಎನ್ನುತ್ತಿದ್ದರು. ನಾನು ಅದನ್ನು ಹಾಗೇ ಬರೆದೆ. ಕಚೇರಿಯಲ್ಲಿ ಗುಮಾಸ್ತರು ಅದನ್ನು "ಮಿತಿ ಬೇಡ" ಎಂಬ ಸಾಲಿಗೆ ಸೇರಿಸಿಬಿಟ್ಟರು.

ಮುಕ್ಕುಂದದಲ್ಲಿ ಮಾತ್ರ ಬೇರೆಯೇ ಆಯಿತು. ಹೊಳೆ ದಂಡೆಯ ಊರು, ಭತ್ತದ ನಾಟಿ ನಡೆದಿತ್ತು. ಮನೆಗಳಲ್ಲಿ ಯಾರೂ ಇಲ್ಲ. ನಾನು ಸೀರೆ ಮೇಲಕ್ಕೆ ಕಟ್ಟಿ ಕೆಸರಿಗಿಳಿದು, ಸಸಿ ಊರುತ್ತಾ ಕೇಳಿದೆ. ಅಲ್ಲಿ ಅತ್ತೆಯರಿಲ್ಲ. ಹುಡುಗಿಯರು ಒಬ್ಬರನ್ನೊಬ್ಬರು ಚೇಷ್ಟೆ ಮಾಡುತ್ತಾ, "ಇದ್ದವಾ ಸಾಕು ಬರಕೋರಿ ಯಕ್ಕಾ" ಎಂದರು. ಕೇಳಿದ ಜಾಗ ಬೇರೆಯಾದ್ದರಿಂದ ಉತ್ತರ ಬೇರೆಯಾಯಿತು ಎಂದು ಆವಾಗ ನನ್ನ ತಲೆಗೆ ಹೊಳೆಯಲಿಲ್ಲ.

ಮರುವರ್ಷ ತಖ್ತೆ ಸಾಹೇಬರು ಪಟ್ಟಿ ಮುಗಿಸಿ ನಮ್ಮ ದವಾಖಾನೆಗೆ ಬಂದರು. ಮುಖದಲ್ಲಿ ಹಬ್ಬ. "ನೋಡಿ ನರ್ಸಮ್ಮ, ಎಷ್ಟು ಚೆನ್ನಾಗಿ ತಾಳೆಯಾಗಿದೆ! ಮುಕ್ಕುಂದದವರು ಸಾಕು ಎಂದರು, ಅಲ್ಲಿ ಹುಟ್ಟಿದ ಮಕ್ಕಳು ಬೆರಳೆಣಿಕೆ. ಮಸ್ಕಿಯವರು ಇನ್ನೂ ಬೇಕು ಎಂದರು, ಅಲ್ಲಿ ರಿಜಿಸ್ಟರು ತುಂಬಿ ತುಳುಕುತ್ತಿದೆ. ಜನ ಏನು ಬಯಸುತ್ತಾರೋ ಅದೇ ಆಗುತ್ತದೆ. ಮುಕ್ಕುಂದಕ್ಕೆ ಕೋಣೆ ಬೇಕಾಗಿಲ್ಲ, ಮಸ್ಕಿಯವರಿಗೆ ಬೇಡವಾಗಿದೆ. ಪ್ರಸ್ತಾವ ಮುಗಿಸಿಬಿಡೋಣ."

ಗೌರಮ್ಮನ ಕೋಣೆಯನ್ನು ನನ್ನ ಪೆನ್ಸಿಲ್ಲೇ ಕಿತ್ತುಕೊಂಡಿತ್ತು. "ಒಂದು ವಾರ ತಡೀರಿ ಸಾಹೇಬರ, ನಾ ರಿಜಿಸ್ಟರು ನೋಡ್ತೀನಿ" ಎಂದೆ. "ನಾನು ಮೊತ್ತ ನೋಡಿದ್ದೇನೆ" ಎಂದರು. "ಮೊತ್ತ ನೋಡೀರಿ. ಒಳಗಿಂದು ಉರ್ದು. ನಿಮಗ ಓದಾಕ ಬರಂಗಿಲ್ಲ" ಎಂದುಬಿಟ್ಟೆ. ಡಾಕ್ಟರ್ ಸಾಹೇಬರು ಗಡ್ಡದೊಳಗೆ ನಕ್ಕು, ನನಗೆ ನಾಲ್ಕು ದಿನ ರಜೆ ಬರೆದುಕೊಟ್ಟರು.

ಆಗ ಹುಟ್ಟು ಸಾವು ಬರೆಯುವವನು ಊರ ಪೊಲೀಸ್ ಪಟೇಲ. ಮಸ್ಕಿಯ ಪಟೇಲರ ಮನೆಯ ಅಂಗಳದಲ್ಲಿ ಕೂತು ಒಂದೊಂದೇ ಸಾಲು ಓದಿದೆ. ಮೂರನೇ ಪುಟಕ್ಕೇ ಹಣೆ ಚಚ್ಚಿಕೊಂಡೆ. ಕೂಸಿನ ಹೆಸರು, ತಂದೆಯ ಹೆಸರು, ಮೂಲೆಯಲ್ಲಿ ಸಣ್ಣದಾಗಿ "ಸಾಕಿನ್ ಮುಕ್ಕುಂದ", ಅಂದರೆ ತಂದೆ ಮುಕ್ಕುಂದದ ನಿವಾಸಿ. ಕೆಳಗೆ ಇನ್ನೊಂದು. ಮುಂದಿನ ಪುಟದಲ್ಲಿ ಮತ್ತೊಂದು. ಹೌದಲ್ಲ! ಮಸ್ಕಿಯಿಂದ ಮುಕ್ಕುಂದಕ್ಕೆ ಹೆಣ್ಣು ಕೊಡುವುದು ತಲೆಮಾರಿನ ರೂಢಿ. ಮೊದಲ ಹೆರಿಗೆಗೆ ಎಲ್ಲರೂ ತವರಿಗೆ ಬರುತ್ತಾರೆ, ಎಷ್ಟೋ ಜನ ಎರಡನೆಯದಕ್ಕೂ ಮೂರನೆಯದಕ್ಕೂ. ಹೆತ್ತ ಊರಿನ ಪಟೇಲ ಬರೆದುಕೊಳ್ಳುತ್ತಾನೆ. ಮುಕ್ಕುಂದದ ಹುಡುಗಿಯರು ಕೆಸರಿನಲ್ಲಿ ನಿಂತು ಸಾಕು ಎಂದು ಹೇಳಿ, ತವರಿಗೆ ಬಂದು ಮಸ್ಕಿಯಲ್ಲಿ ಹೆತ್ತಿದ್ದರು. ಅವರಲ್ಲಿ ಇಬ್ಬರ ಕೂಸುಗಳನ್ನು ಹಿಡಿದವಳು ನಾನೇ. ನನ್ನ ಕೈ ಬಲ್ಲದ್ದು ನನ್ನ ಲೆಕ್ಕಕ್ಕೆ ತಿಳಿದಿರಲಿಲ್ಲ.

ಹುಡುಗಿಯರೇ, ಇದನ್ನು ಗಂಟು ಹಾಕಿಕೊಳ್ಳಿ. ಊರಿನ ರಿಜಿಸ್ಟರನ್ನು ಹಿಂಬಾಲಿಸಬೇಡಿ, ಹೆಂಗಸನ್ನು ಹಿಂಬಾಲಿಸಿ. ಅವಳು ಎಲ್ಲಿ ಮಾತಾಡಿದಳು, ಎಲ್ಲಿ ಹೆತ್ತಳು, ಎರಡನ್ನೂ ಅವಳ ಹೆಸರಿನ ಮುಂದೆಯೇ ಬರೆಯಿರಿ.

ತಖ್ತೆ ಸಾಹೇಬರಿಗೆ ತೋರಿಸಿದೆ. ಅವರ ಮುಖ ಸಪ್ಪಗಾಯಿತು. ಆದರೂ, "ಸರಿ, ಹುಟ್ಟಿದ್ದನ್ನು ಸರಿಪಡಿಸೋಣ. ಆದರೆ ಮಸ್ಕಿಯವರು ಬೇಕು ಎಂದದ್ದು ಹಾಗೇ ಇದೆಯಲ್ಲ?" ಎಂದರು.

"ಅದನ್ನ ಅಂದವರು ಅತ್ತಿಗಳ್ರಿ."

"ತಖ್ತೆಯಲ್ಲಿ ಅತ್ತೆಗೆ ಜಾಗವಿಲ್ಲ, ನರ್ಸಮ್ಮ."

"ಮನ್ಯಾಗ ಐತಲ್ಲರಿ" ಎಂದೆ. ಇನ್ನೊಂದು ಸುತ್ತು ಕೇಳುವುದಕ್ಕೆ ಅವರು ಒಪ್ಪಲಿಲ್ಲ, ಬೇಡ ಎಂದೂ ಹೇಳಲಿಲ್ಲ. ನನಗೆ ಅಷ್ಟೇ ಸಾಕಿತ್ತು.

೧೯೫೩ರ ಮಳೆಗಾಲದಲ್ಲಿ, ಹೊಲಗಳಲ್ಲಿ ಕಳೆ ತೆಗೆಯುವ ಹೊತ್ತಿಗೆ, ಮತ್ತೆ ಹೊರಟೆ. ಈ ಸಲ ಅಂಗಳ ಬಿಟ್ಟೆ. ಹೊಲದ ಸಾಲಿನಲ್ಲಿ, ಹಳ್ಳದ ಬಟ್ಟೆ ಒಗೆಯುವ ಬಂಡೆಯ ಹತ್ತಿರ ಕೂತೆ. ಅಲ್ಲಿ ಯಾರೂ ನನಗೆ ಇಲ್ಲಿ ಕೂರಬೇಡ ಎನ್ನುವಂತಿರಲಿಲ್ಲ. ಎಷ್ಟು ಎಂಬ ಮಾತನ್ನೇ ಬಿಟ್ಟೆ. "ಮಕ್ಕಳ ಹೆಸರು ಹೇಳವ್ವಾ" ಎನ್ನುತ್ತಿದ್ದೆ. ಹೆಸರು ಹೇಳಲು ಯಾರಿಗೂ ಅಳುಕಿರಲಿಲ್ಲ. ಅವರು ಹೇಳುತ್ತಾ ಹೋದರು, ನಾನು ಸೆರಗಿನ ಒಳಗೆ ಬೆರಳು ಮಡಚುತ್ತಾ ಹೋದೆ. ಸತ್ತ ಮಕ್ಕಳ ಹೆಸರನ್ನೂ ಹೇಳಿದರು, ಕೆಲವರು ಮೊದಲು ಅವನ್ನೇ ಹೇಳಿದರು. ಹಿಂದಿನ ಸಲ ಅವೆಲ್ಲ ನನ್ನ ಫಾರ್ಮಿಗೆ ಬಂದಿರಲೇ ಇಲ್ಲ.

ಗೌರಮ್ಮ ಹಳ್ಳದಲ್ಲಿ ಸಿಕ್ಕಳು. ಐದು ಹೆಸರು ಹೇಳಿದಳು. ಕೊನೆಗೆ ಒದ್ದೆ ಬಟ್ಟೆ ಹಿಂಡುತ್ತಾ, ನನ್ನ ಮುಖ ನೋಡದೆ, "ಇನ್ನ ಬ್ಯಾಡ ಯಕ್ಕಾ. ನನಗ ಜೀವದ ಆಸೆ ಐತಿ" ಎಂದಳು. ನಾನು ಬರೆದುಕೊಂಡೆ. ಅವಳು ಬಟ್ಟೆ ಕೆಳಗಿಟ್ಟು ಕೇಳಿದಳು: "ಬರಕೊಂಡಿ. ಬರಕೊಂಡ್ರ ಆಗೋದು ನಿಲ್ತೈತೇನು?"

ನನ್ನ ಚೀಲದಲ್ಲಿ ಕತ್ತರಿ, ದಾರ, ಡೆಟ್ಟಾಲು ಇದ್ದವು. ಬೇಡ ಎನ್ನುವವಳಿಗೆ ಕೊಡುವಂಥದ್ದು ಒಂದೂ ಇರಲಿಲ್ಲ. ಅಂಥದ್ದನ್ನು ಕೊಡಬಲ್ಲ ಲೇಡಿ ಡಾಕ್ಟರು ಬರಬೇಕಾದರೆ ಕೋಣೆ ಬೇಕು. "ಕೋಣಿ ತರ್ತೀನಿ ಗೌರಿ" ಎಂದೆ. ಅವಳು ಬುಟ್ಟಿ ಎತ್ತಿಕೊಂಡು ಹೋದಳು.

ಸಂಗವ್ವನ ಮೇಲೆ ನನಗೆ ಕೆಂಡದಂಥ ಸಿಟ್ಟಿತ್ತು. ನೆಟ್ಟಗೆ ಅವಳ ಅಂಗಳಕ್ಕೆ ಹೋಗಿ, "ಸೊಸಿ ಸಾಯ್ತಾಳ ಅಂತ ಹೇಳಿದ ಮ್ಯಾಲೂ ಇನ್ನೆರಡು ಬೇಕಂತೀರಲ್ಲ, ನಿಮಗ ಕರುಳಿಲ್ಲೇನು?" ಎಂದೆ. ಬೈಗುಳ ತಿನ್ನಲು ತಯಾರಾಗಿಯೇ ಹೋಗಿದ್ದೆ. ಅವಳು ಬೈಯಲಿಲ್ಲ.

"ನಾ ಹನ್ನೊಂದು ಹಡದೀನಿ ಬಾಯಿ," ಎಂದಳು. ತನ್ನ ಬಾಯಿಂದಲೇ ಎಣಿಸಿದಳು. "ಉಳಿದಾಂವ ಅಮರ್ಯಾ ಒಬ್ಬ. ನನಗ ನಾಕು ಸಾಕಿತ್ತು. ಯಾರು ಕೇಳಿದ್ರು? ಗೌರಿಗೆ ಮೂರದಾವ. ಮೂರರಾಗ ಎಷ್ಟು ಉಳೀತಾವ, ನೀ ಹೇಳು. ಮೂರೂ ಉಳೀತಾವ ಅಂತ ಬರಕೊಡ್ತೀ? ಬರಕೊಟ್ರ ಈಗಿಂದೀಗ ನಾನಾ ಅಂತೀನಿ, ಇನ್ನ ಬ್ಯಾಡ ಅಂತ."

ಅವಳಿಗೆ ಬೇಕಾದದ್ದು ಹೆರಿಗೆಗಳಲ್ಲ, ಬದುಕಿ ಉಳಿಯುವ ಮಕ್ಕಳು. ಅವಳು ಸಾವಿನ ಪಾಲನ್ನು ತೆಗೆದಿಟ್ಟು ಮಾತಾಡುತ್ತಿದ್ದಳು. ನಮ್ಮ ಫಾರ್ಮು ಅದನ್ನು ಕೇಳಿರಲೇ ಇಲ್ಲ. ಆಮೇಲೆ ಹಟ್ಟಿಯ ಚಿನ್ನದ ಗಣಿಯ ಮನೆಗಳಿಗೆ ಹೋದಾಗ ಇದು ಇನ್ನೂ ಗಟ್ಟಿಯಾಯಿತು. ಗಂಡಂದಿರು ಪಾಳಿಯ ಮೇಲೆ ಗಣಿಗಿಳಿದಿದ್ದರು, ಹೆಂಗಸರು ನಲ್ಲಿಯ ಹತ್ತಿರ ಸೇರಿದ್ದರು. ಗುರುಗುಂಟಾದವರ ಅಕ್ಕತಂಗಿಯರೇ ಅವರು, ಆಸೆಯೂ ಅಷ್ಟೇ. ಆದರೆ ಅವರಿಗೆ ದವಾಖಾನೆ ಹತ್ತಿರ, ಮಕ್ಕಳು ಉಳಿದಿದ್ದವು. "ಇವು ಗಟ್ಟಿ ಅದಾವ, ಇನ್ಯಾಕ?" ಎಂದು ಅವರು ಧೈರ್ಯವಾಗಿ ಹೇಳುತ್ತಿದ್ದರು.

ಸಂಗವ್ವನಿಗೆ ಹೇಳಿದೆ: "ಬರಕೊಡಾಕ ನನ್ನ ಕೈಲೆ ಆಗಂಗಿಲ್ಲ ಯವ್ವಾ. ಬರೋದು ಆಗ್ತೈತಿ. ಪ್ರತಿ ಸಂತಿ ದಿನ ಬಂದು ನಿಮ್ಮ ಮಕ್ಕಳನ್ನ ನೋಡಿ ಹೋಗ್ತೀನಿ." ಹೇಳಿದ ಹಾಗೇ ಮಾಡಿದೆ. ಸಂತೆ ದಿನದ ಬಸ್ಸು ಹತ್ತಿ ಹೋಗುವುದು, ಮೂವರ ಕಣ್ಣು, ನಾಲಿಗೆ, ಹೊಟ್ಟೆ ನೋಡುವುದು, ಕಾಸಿದ ನೀರು ಕುಡಿಸಿದಿರಾ ಎಂದು ಜಗಳ ಮಾಡುವುದು. ಚಳಿಗಾಲದಲ್ಲಿ ಸಣ್ಣವಳಿಗೆ ಭೇದಿ ಹತ್ತಿತು. ಎರಡು ಹಗಲು ಅವಳ ಬಾಯಿಗೆ ಉಪ್ಪು ಸಕ್ಕರೆಯ ನೀರು ಹನಿಸಿದೆ. ಮೂರನೇ ದಿನ ಅವಳು ರೊಟ್ಟಿ ಕೇಳಿದಾಗ ಸಂಗವ್ವ ನನ್ನ ಕೈ ಹಿಡಿದು ಪಡಸಾಲೆಗೆ ಕರೆದೊಯ್ದು ಕೂರಿಸಿದಳು. ಆ ಮನೆಯಲ್ಲಿ ನೋವಿಲ್ಲದ ದಿನ ನಾನು ಒಳಗೆ ಕೂತದ್ದು ಅದೇ ಮೊದಲು.

ಎರಡನೇ ಸುತ್ತಿನ ಕಾಗದಗಳನ್ನು ತಖ್ತೆ ಸಾಹೇಬರಿಗೆ ಕಳಿಸಿದ್ದೆ. ಉತ್ತರ ಬಂತು: ಪರಿಶೀಲನೆಯಲ್ಲಿದೆ. ಮತ್ತೆ ಬರೆದೆ. ಪರಿಶೀಲನೆಯಲ್ಲಿದೆ. ಡಾಕ್ಟರ್ ಸಾಹೇಬರ ಸಹಿ ಹಾಕಿಸಿ ಬರೆದೆ. ಅದೇ ಉತ್ತರ, ಹೊಸ ಮುದ್ರೆ. ಆ ಕಾಗದಗಳನ್ನು ಒಟ್ಟಿದ್ದರೆ ಒಂದು ಒಲೆ ಉರಿಯುತ್ತಿತ್ತು.

೧೯೫೪ರ ಬೇಸಿಗೆ ಮುಗಿಯುವ ಹೊತ್ತಿಗೆ, ಸಂತೆ ದಿನ, ಸಂಗವ್ವ ಬಸ್ಸು ನಿಲ್ಲುವ ಕಡೆಗೇ ಬಂದು ನಿಂತಿದ್ದಳು. ಅವಳ ಮುಖ ನೋಡಿದೊಡನೆ ನನಗೆ ತಿಳಿಯಿತು. "ಗೌರಿ ಹೊಟ್ಟಿಲೆ ಆಗ್ಯಾಳ" ಎಂದಳು. "ನಾ ಮಗನಿಗೂ ಹೇಳಿದ್ದೆ ಬಾಯಿ. ಶಿವನಾಣೆ, ಹೇಳಿದ್ದೆ." ಮುದುಕಿ ರಸ್ತೆಯಲ್ಲೇ ಅತ್ತಳು. ನನಗೂ ಅಳು ಬಂತು, ಅತ್ತು ಮಾಡುವುದೇನು? ಇವಳನ್ನು ಮಸ್ಕಿಯಲ್ಲಿ ಹೆರಲು ಬಿಡುವುದಿಲ್ಲ ಎಂದು ಅಲ್ಲೇ ನಿಶ್ಚಯ ಮಾಡಿದೆ.

ದಿನ ತುಂಬುವುದಕ್ಕೆ ಒಂದು ತಿಂಗಳು ಮೊದಲೇ ಗೌರಮ್ಮನನ್ನು ಲಿಂಗಸುಗೂರಿಗೆ ತಂದು ನನ್ನ ಕೋಣೆಯಲ್ಲಿ ಇಟ್ಟುಕೊಂಡೆ. ಸಂಗವ್ವ ಜೊತೆಗೆ ಬಂದಳು. ಮೊದಲ ವಾರ ಅಂಗಳದಲ್ಲಿ ಮೂರು ಕಲ್ಲು ಹೂಡಿ ಬೇರೆ ಅಡುಗೆ ಮಾಡಿಕೊಂಡಳು. ಎರಡನೇ ವಾರ ಒಲೆ ಒಂದೇ ಆಯಿತು. "ಕಟಗಿ ಸಾಲವಲ್ದು" ಎಂದು ತಾನೇ ಕಾರಣ ಹೇಳಿದಳು. ಮಸ್ಕಿಯ ನಂಟರು ಬಂದು, ಈ ಕೇರಿಯವಳ ಮನೆಯಲ್ಲಿ ಉಣ್ಣುತ್ತೀಯಾ ಎಂದು ಗದರಿದಾಗ, "ನನ್ನ ಸೊಸಿ ಸತ್ರ ನೀವು ಬಂದು ಹಡೀತೀರೇನು?" ಎಂದು ಅವರನ್ನು ಬಾಗಿಲಿನಿಂದಲೇ ಅಟ್ಟಿದಳು.

ಹೆರಿಗೆ ಮಧ್ಯಾಹ್ನ ಆಯಿತು. ಗಂಡು. ನಾವು ಹೆದರಿದ ಹಾಗೇ ರಕ್ತ ಹೊರಟಿತು, ಮೊದಲಿನಷ್ಟೇ. ಆದರೆ ಈ ಸಲ ಡಾಕ್ಟರ್ ಸಾಹೇಬರು ಎರಡು ಹೆಜ್ಜೆ ದೂರದಲ್ಲಿ ಸೂಜಿ ತುಂಬಿಕೊಂಡು ನಿಂತಿದ್ದರು. ನಾನು ಅವಳ ಹೊಟ್ಟೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದೆ, ಹೊತ್ತು ಇಳಿಯುವವರೆಗೂ ಬಿಡಲಿಲ್ಲ. ರಕ್ತ ನಿಂತಿತು. "ಕೈ ತಗಿ ಬೇಟಿ, ಸಾಕು" ಎಂದು ಡಾಕ್ಟರ್ ಸಾಹೇಬರು ಎರಡು ಸಲ ಹೇಳಿದ ಮೇಲೆ ಕೈ ತೆಗೆದೆ.

ಅದಾದ ಮೂರು ತಿಂಗಳಿಗೆ ತಖ್ತೆ ಸಾಹೇಬರು ಕೊನೆಯ ಪಟ್ಟಿ ತಂದು ನನ್ನ ಮುಂದೆ ಇಟ್ಟರು, ಸಹಿ ಮಾಡಿ ಎಂದು. ಈ ಸಲ ಹೆಂಗಸರ ಹೆಸರುಗಳ ಪ್ರಕಾರವೇ ಮಾಡಿದ್ದರು, ಅಷ್ಟು ಕಲಿತಿದ್ದರು. ಪಟ್ಟಿಯ ಒಂದು ಅಂಕಣದಲ್ಲಿ ಹೇಳಿದ್ದು, ಪಕ್ಕದಲ್ಲಿ ಹೆತ್ತದ್ದು, ಕೊನೆಯಲ್ಲಿ ಕಾರಣ. ಬೇಡ ಎಂದು ಹೇಳಿಯೂ ಹೆತ್ತವರ ಮುಂದೆ, ಗೌರಮ್ಮನ ಹೆಸರಿನ ಮುಂದೆಯೂ, ಒಂದೇ ಕಾರಣ ಬರೆದಿದ್ದರು: "ಮಾತಿನಲ್ಲಿ ಸ್ಥಿರತೆ ಇಲ್ಲ." ಹೀಗೆ ಮಾತು ನಿಲ್ಲದ ಹೆಂಗಸರಿಗಾಗಿ ಕೋಣೆ ಕಟ್ಟುವುದು ವ್ಯರ್ಥ ಎಂದು ಕೆಳಗೆ ಶಿಫಾರಸು.

"ನಾ ಸಹಿ ಮಾಡಂಗಿಲ್ಲರಿ" ಎಂದೆ.

"ನಿಮ್ಮ ಸಹಿ ಇಲ್ಲದೆ ಇದು ಮೇಲಕ್ಕೆ ಹೋಗುವುದಿಲ್ಲ."

"ಹೋಗಬ್ಯಾಡ ಬಿಡ್ರಿ."

ವರ್ಗಾವಣೆ ಎಂದರು. ಮಾಡಿ ಎಂದೆ. ಕೆಲಸ ಹೋದೀತು ಎಂದರು. "ಹೋಗಲಿ. ಒಂದು ಸಲ, ಒಬ್ಬಾಕಿನ್ನ, ನೀವಾ ಬಾಯಿಬಿಟ್ಟು ಕೇಳ್ರಿ. ಆಮ್ಯಾಲ ಎಲ್ಲಿ ಬೇಕಾದ್ರ ಸಹಿ ಮಾಡ್ತೀನಿ" ಎಂದೆ. ಅವರು ನನ್ನನ್ನೇ ನೋಡಿದರು. ಮೂರು ವರ್ಷ ಹೆಂಗಸರ ಪಟ್ಟಿ ಮಾಡಿದ ಮನುಷ್ಯ ಒಬ್ಬ ಹೆಂಗಸಿನ ಜೊತೆಯೂ ಮಾತಾಡಿರಲಿಲ್ಲ. ಜೀಪು ಹತ್ತಿ ಎಂದರು.

ಮಸ್ಕಿಯಲ್ಲಿ ಗೌರಮ್ಮ ಕಟ್ಟೆ ಮೇಲೆ ಕೂತು ಕೂಸಿಗೆ ಹಾಲು ಕೊಡುತ್ತಿದ್ದಳು. ಸಾಹೇಬರನ್ನು ಕಂಡು ಸೆರಗು ಎಳೆದುಕೊಂಡಳು, ಒಳಗೆ ಏಳಲು ಹೋದಳು. ಸಂಗವ್ವ ಅವಳ ಹೆಗಲು ಒತ್ತಿ ಕೂರಿಸಿದಳು. "ನಿನ್ನ ಕೇಳಾಕ ಬಂದಾರ. ನೀನಾ ಹೇಳು" ಎಂದಳು.

ಸಾಹೇಬರು ಕಾಗದ ನೋಡಿಕೊಂಡೇ ಕೇಳಿದರು: "ಇನ್ನು ಮಕ್ಕಳು ಬೇಡ ಎಂದು ನೀವು ಹೇಳಿದಿರಿ ಎಂದಿದೆ. ಮತ್ತೆ ಇದು ಹೇಗೆ ಆಯಿತು? ಮನಸ್ಸು ಬದಲಾಯಿತೇ?"

ಗೌರಮ್ಮ ಕೂಸಿನ ಬೆನ್ನು ತಟ್ಟುತ್ತಾ ತಲೆ ಎತ್ತಿದಳು.

"ನಾ ಬ್ಯಾಡ ಅಂದ ಮ್ಯಾಲ ಒಂದು ಸುಗ್ಗಿ ಹೋತರಿ ಸಾಹೇಬರ. ಸುಗ್ಗಿ ಹೋದ ಮ್ಯಾಲ ಹೊಟ್ಟಿಲೆ ಆದೆ. ನಾ ಅಂದಿದ್ದು ನಿಮಗ ಆವಾಗಾ ಮುಟ್ಟಿತ್ತಂತ ಈ ಯಕ್ಕ ಹೇಳ್ಯಾಳ. ಒಂದು ಸುಗ್ಗಿಗಟ್ಟಲೆ ನೀವು ಏನ್ ಮಾಡಾಕತ್ತಿದ್ರಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು. ಸಾಹೇಬರು ಒಮ್ಮೆ ನನ್ನ ಕಡೆ ನೋಡಿದರು, ಕೂಸಿನ ಕಡೆ ನೋಡಿದರು. ಪಟ್ಟಿಯನ್ನು ಜೀಪಿನ ಬಾನೆಟ್ಟಿನ ಮೇಲೆ ಹರಡಿ, ಪೆನ್ನು ತೆಗೆದು, ಕಾರಣ ಎಂದಿದ್ದ ಅಂಕಣವನ್ನು ಮೇಲಿನಿಂದ ಕೆಳಗಿನವರೆಗೆ ಒಂದೇ ಗೆರೆಯಲ್ಲಿ ಹೊಡೆದುಹಾಕಿದರು. ಅದರ ಪಕ್ಕದಲ್ಲಿ ಅಡ್ಡಡ್ಡವಾಗಿ ಎರಡೇ ಮಾತು ಬರೆದರು: "ಕೇಳಿದೆವು. ಕೊಡಲಿಲ್ಲ." ಕೊನೆಯ ಶಿಫಾರಸನ್ನೂ ಹೊಡೆದು ಕೋಣೆ ಬೇಕು ಎಂದು ತಿದ್ದಿದರು. ಕೆಳಗೆ ನಾನು ಸಹಿ ಮಾಡಿದೆ.

ಮರುವರ್ಷ, ೧೯೫೬ರಲ್ಲಿ, ಮಸ್ಕಿಯ ಕೋಣೆಯ ಬಾಗಿಲು ತೆರೆಯಿತು. ಒಂದು ಮಂಚ, ಒಂದು ಮೇಜು, ರಾಯಚೂರಿನ ಬಸ್ಸಿನಿಂದಿಳಿದ ಲೇಡಿ ಡಾಕ್ಟರು. ಆ ದಿನ ಹೆರಲು ಯಾರೂ ಬರಲಿಲ್ಲ. ಇನ್ನು ಬೇಡ ಎಂದು ಹೇಳಲು ಹನ್ನೆರಡು ಹೆಂಗಸರು ಬಂದಿದ್ದರು, ಅವರಲ್ಲಿ ನಾಲ್ವರನ್ನು ಅತ್ತೆಯರೇ ಕರೆದುಕೊಂಡು ಬಂದಿದ್ದರು.